ಗುಡ್ಡಕ್ಕೆ ಬೆಂಕಿ ಬಿದ್ದಾಗ ಮನೆಯೊಳಗಿನ ಗಾಳಿ
(ಸಂಘದ ವಾರದ ಸಭೆಯಲ್ಲಿ ಓದಿ ಚರ್ಚಿಸಲು)



ಫೆಬ್ರವರಿ ತಿಂಗಳು ಬಂತೆಂದರೆ ಘಟ್ಟದ ತಪ್ಪಲಿನ ನಮ್ಮ ಊರುಗಳಲ್ಲಿ ತರಗೆಲೆ ಒಣಗಿ ಗರಿಗರಿಯಾಗಿರುತ್ತದೆ. ಯಾರೋ ಸೇದಿ ಎಸೆದ ಬೀಡಿ, ತೋಟದ ಕಸಕ್ಕೆ ಹಚ್ಚಿ ಬಿಟ್ಟುಹೋದ ಬೆಂಕಿ ಸಾಕು, ಗುಡ್ಡ ಹತ್ತಿಕೊಳ್ಳುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು. 2023ರಲ್ಲಿ ಚಾರ್ಮಾಡಿ ಘಾಟಿಯ ಕಾಡಿಗೂ ಬೆಂಕಿ ಬಿತ್ತು. ಬೆಂಕಿ ಎಷ್ಟೋ ದೂರದಲ್ಲಿದ್ದರೂ ಹೊಗೆ ನಮ್ಮ ಅಡುಗೆಮನೆ ತನಕ ಬರುತ್ತದೆ. ಈ ಪಾಠ ಆ ಹೊಗೆಯ ಬಗ್ಗೆ.

ಒಂದು ಸಂಘದ ಸಭೆಯಲ್ಲಿ ಈ ವಿಷಯ ತೆಗೆದಾಗ ಒಬ್ಬ ಸದಸ್ಯೆ ಕೇಳಿದರು: "ಅಲ್ಲ ಅಕ್ಕ, ಕಿಟಕಿ ಬಾಗಿಲು ಹಾಕಿದ್ರೆ ಹೊಗೆ ಒಳಗೇ ಕೂತ್ಕೊಳ್ಳೋದಿಲ್ವಾ? ನಮ್ಮತ್ತೆ ಎಲ್ಲಾ ತೆಗೆದಿಡು ಅಂತಾರೆ." ಅತ್ತೆ ಹೇಳಿದ್ದು ತಪ್ಪಲ್ಲ. ಅವರು ಜೀವಮಾನವಿಡೀ ಒಲೆಯ ಹೊಗೆ ಕಂಡವರು. ಒಲೆಯ ಹೊಗೆ ಒಳಗೆ ಹುಟ್ಟುತ್ತದೆ, ಅದನ್ನು ಹೊರಗೆ ಬಿಡಬೇಕು. ಗುಡ್ಡದ ಹೊಗೆ ಹೊರಗೆ ಹುಟ್ಟುತ್ತದೆ, ಅದನ್ನು ಒಳಗೆ ಬಿಡಬಾರದು. ಕಷ್ಟ ಬರುವುದು ಎರಡೂ ಒಟ್ಟಿಗೆ ಇದ್ದಾಗ.

ಕಣ್ಣು ಉರಿಸುವ ಹೊಗೆ ನಮಗೆ ಗೊತ್ತಾಗುತ್ತದೆ. ಗೊತ್ತಾಗದ್ದು ಅದರೊಳಗಿನ ಅತಿ ಸಣ್ಣ ಕಣಗಳು. ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟು, ಅದಕ್ಕಿಂತಲೂ ಸಣ್ಣ. ಮೂಗಿನ ಕೂದಲು ಅವನ್ನು ತಡೆಯುವುದಿಲ್ಲ. ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ, ಕೆಲವು ರಕ್ತಕ್ಕೂ ಸೇರುತ್ತವೆ. ಆದ್ದರಿಂದ ಉಬ್ಬಸದವರಿಗೆ ಮಾತ್ರವಲ್ಲ, ಹೃದಯದ ಕಾಯಿಲೆ ಇದ್ದವರಿಗೆ, ಬಸುರಿಯರಿಗೆ, ಎಳೆಮಕ್ಕಳಿಗೆ, ವಯಸ್ಸಾದವರಿಗೂ ಇದು ಅಪಾಯ. ಮೂಗಿಗೆ ಸೆರಗು ಹಿಡಿದರೆ ಬೂದಿ ನಿಲ್ಲುತ್ತದೆ, ಈ ಕಣ ನಿಲ್ಲುವುದಿಲ್ಲ. ಸೆರಗನ್ನು ಒದ್ದೆ ಮಾಡಿದರೂ ಅಷ್ಟೇ. ಕೊರೊನಾ ಕಾಲದಲ್ಲಿ ನೋಡಿದ ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತರೆ ತಡೆಯುತ್ತದೆ. ಅದನ್ನು ಒಗೆದು ಮತ್ತೆ ಹಾಕಬೇಡಿ, ಒಗೆದರೆ ಕೆಡುತ್ತದೆ. ಎಳೆಮಕ್ಕಳಿಗೆ ಮಾಸ್ಕ್ ಹಾಕುವಂತಿಲ್ಲ, ಅವರನ್ನು ಒಳಗಿಡುವುದೇ ದಾರಿ.

ಒಳಗೆ ಅಂದರೆ ಎಲ್ಲಿ? ನಮ್ಮ ಹಂಚಿನ ಮನೆಗಳಲ್ಲಿ ಸಂದಿ ಎಷ್ಟು ಅಂತ ನಿಮಗೇ ಗೊತ್ತು. ಇಡೀ ಮನೆ ಮುಚ್ಚುವುದು ಆಗದ ಮಾತು. ಒಂದೇ ಒಂದು ಕೋಣೆ ಆರಿಸಿಕೊಳ್ಳಿ. ಮೇಲೆ ಅಟ್ಟವೋ ತಾರಸಿಯೋ ಇರುವ, ಕಿಟಕಿ ಕಡಿಮೆ ಇರುವ, ಒಲೆಯಿಂದ ದೂರದ ಕೋಣೆ. ಕಿಟಕಿಯ ಸಂದಿಗೆ ಹಳೇ ಸೀರೆ ತುರುಕಿ, ಬಾಗಿಲ ಕೆಳಗೆ ಒದ್ದೆ ಗೋಣಿಯನ್ನೋ ಬಟ್ಟೆಯನ್ನೋ ಸುತ್ತಿ ಇಡಿ. ಮಕ್ಕಳು, ಅಜ್ಜ ಅಜ್ಜಿ ಅಲ್ಲಿ ಮಲಗಲಿ. ಫ್ಯಾನ್ ಹಾಕಬಹುದು, ಸೆಖೆಗೆ ಆಗುತ್ತದೆ, ಆದರೆ ಫ್ಯಾನ್ ಗಾಳಿಯನ್ನು ಶುದ್ಧ ಮಾಡುವುದಿಲ್ಲ. ಗಾಳಿ ಶುದ್ಧ ಮಾಡುವ ಯಂತ್ರ ಸಿಗುತ್ತದೆ, ಬೆಲೆ ಹೆಚ್ಚು. ಮನೆಯಲ್ಲಿ ಉಬ್ಬಸದ ಮಗು ಇದ್ದು, ಸಂಘದಿಂದ ಸಾಲ ಎತ್ತುವಂತಿದ್ದರೆ ಹೆಪಾ ಫಿಲ್ಟರ್ ಇರುವುದನ್ನೇ ಕೇಳಿ. ಓಜೋನ್ ಬಿಡುವಂಥದ್ದು ಬೇಡ, ಅದು ಶ್ವಾಸಕೋಶಕ್ಕೇ ಕೆಟ್ಟದ್ದು.

ಇನ್ನು ಮುಚ್ಚಿದ ಮನೆಯೊಳಗೆ ನಾವೇ ಹೊಗೆ ಮಾಡಬಾರದು. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ, ಬೇವಿನ ಸೊಪ್ಪಿನ ಹೊಗೆ ಆ ಕೆಲವು ದಿನ ಬಿಡಿ, ಸೊಳ್ಳೆ ಪರದೆ ಕಟ್ಟಿ. ಗಂಡಸರ ಬೀಡಿಯೂ ಅದೇ ಲೆಕ್ಕ, ಹೇಳುವುದು ಕಷ್ಟವಾದರೂ ಹೇಳಲೇಬೇಕು. ಬಚ್ಚಲಿನ ಹಂಡೆ ಒಲೆ ಹಚ್ಚದೆ ತಣ್ಣೀರು ಸ್ನಾನ ಮಾಡಿದರೆ ಬೇಸಿಗೆಯಲ್ಲಿ ಯಾರಿಗೂ ನಷ್ಟವಿಲ್ಲ. ಪೊರಕೆ ಹಿಡಿದು ಗುಡಿಸಿದರೆ ಕೂತ ಬೂದಿ ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಅಡುಗೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಗ್ಯಾಸ್ ಇದ್ದೂ ಸಿಲಿಂಡರ್ ಬೇಗ ಮುಗಿಯುತ್ತದೆಂದು ಸೌದೆ ಹಚ್ಚುವವರು ನಮ್ಮಲ್ಲಿ ಬಹಳ. ಉಜ್ವಲ ಯೋಜನೆಯಲ್ಲಿ ಸಿಕ್ಕಿದ ಸಿಲಿಂಡರನ್ನು ನೆಂಟರು ಬಂದ ದಿನಕ್ಕೆಂದು ಮೂಲೆಯಲ್ಲಿಟ್ಟವರೂ ಇದ್ದಾರೆ. ಹೊಗೆಯ ದಿನಗಳೇ ಅದನ್ನು ಬಳಸುವ ದಿನ. ಬೇಳೆ ನೆನೆಸಿಟ್ಟು ಕುಕ್ಕರಿನಲ್ಲಿ ಬೇಯಿಸಿ, ಕರಿಯುವುದು ಹುರಿಯುವುದು ಬಿಡಿ. ಸೌದೆ ಬಿಟ್ಟು ಬೇರೆ ಗತಿಯಿಲ್ಲದವರು ಒಣಗಿದ ಸಣ್ಣ ಸೌದೆಯಲ್ಲಿ ಎರಡು ಹೊತ್ತಿನದ್ದನ್ನು ಒಂದೇ ಸಲ ಮಾಡಿ. ಆಗ ಅಡುಗೆಮನೆಯ ಕಿಟಕಿ ತೆರೆದಿರಲೇಬೇಕು, ಒಳಕೋಣೆಯ ಬಾಗಿಲು ಮಾತ್ರ ಹಾಕಿರಲಿ.

ಮುಚ್ಚಿದ ಕೋಣೆಯಲ್ಲಿ ಒಲೆ ಉರಿಸುವುದಾಗಲಿ, ಕೆಂಡ ಇಡುವುದಾಗಲಿ ಎಂದಿಗೂ ಕೂಡದು. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವ ರೂಢಿ ಇರುವ ಮನೆಯವರು ಇದನ್ನು ಎರಡು ಸಲ ಓದಿ. ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ, ಮಂಪರು. ಮಲಗಿದವರು ಏಳದೇ ಇರಬಹುದು. ಮಾಸ್ಕ್ ಇದನ್ನು ತಡೆಯುವುದಿಲ್ಲ. ಹಾಗೇನಾದರೂ ಅನ್ನಿಸಿದರೆ ಹೊರಗಿನ ಹೊಗೆಯ ಯೋಚನೆ ಬಿಟ್ಟು ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ತನ್ನಿ, 108ಕ್ಕೆ ಫೋನ್ ಮಾಡಿ.

ಎಷ್ಟು ಹೊತ್ತು ಮುಚ್ಚಿಡುವುದು? ಎದುರಿನ ಗುಡ್ಡ ನೋಡಿ. ಬೆಳಗಿನ ಹೊತ್ತು ಹೊಗೆ ಕಣಿವೆಯಲ್ಲಿ ಮಂಜಿನ ಹಾಗೆ ಕೂತಿರುತ್ತದೆ, ಬಿಸಿಲೇರಿದ ಮೇಲೆ ಮೇಲೇಳುತ್ತದೆ. ಗಾಳಿ ತಿರುಗಿ, ಗುಡ್ಡ ಸ್ಪಷ್ಟ ಕಂಡು, ವಾಸನೆ ಹೋಯಿತೆಂದರೆ ಎಲ್ಲಾ ಕಿಟಕಿ ತೆರೆದು ಮನೆಗೆ ಗಾಳಿ ಆಡಲು ಬಿಡಿ. ಬೆಂಕಿಯೇ ಮನೆಯ ಹತ್ತಿರ ಬರುತ್ತಿದ್ದರೆ ಈ ಪಾಠ ಅನ್ವಯಿಸುವುದಿಲ್ಲ, ಮನೆ ಬಿಟ್ಟು ಹೊರಡಿ, 112ಕ್ಕೆ ತಿಳಿಸಿ. ಯಾರಿಗಾದರೂ ಉಸಿರಿನಲ್ಲಿ ಸುಯ್ ಸುಯ್ ಸದ್ದು ಬಂದರೆ, ಒಂದು ಮಾತು ಮುಗಿಸಲು ಏದುಸಿರು ಬಂದರೆ, ಎದೆ ನೋವು ಅಂದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಇನ್‌ಹೇಲರ್ ಬಳಸುವವರು ಜನವರಿಯಲ್ಲೇ ಹೊಸದು ತಂದಿಟ್ಟುಕೊಳ್ಳಿ.

ಚರ್ಚೆಗೆ: ನಿಮ್ಮ ಮನೆಯಲ್ಲಿ ಆ ಒಂದು ಕೋಣೆ ಯಾವುದು? ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಉಬ್ಬಸದವರು, ಬಸುರಿ, ಬಾಣಂತಿ, ಎಳೆಮಗು ಇದ್ದಾರೆ? ಸಂಘದ ಹಣದಲ್ಲಿ ಒಂದು ಪೆಟ್ಟಿಗೆ ಎನ್-95 ಮಾಸ್ಕ್ ತಂದರೆ ಯಾರ ಮನೆಯಲ್ಲಿ ಇಡುವುದು? ಸೌದೆ ಒಲೆ ಮಾತ್ರ ಇರುವ ಸದಸ್ಯೆ ಆ ಎರಡು ಮೂರು ದಿನ ಯಾರ ಮನೆಯ ಗ್ಯಾಸಿನಲ್ಲಿ ಗಂಜಿ ಬೇಯಿಸಿಕೊಳ್ಳಬಹುದು?