ಬೆಟ್ಟದ ಬೆಂಕಿ ತೋಟಕ್ಕೆ ಇಳಿಯದಂತೆ

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟ. ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಮಾರ್ಚ್ ಬಂತೆಂದರೆ ಬೆಂಕಿಯ ಭಯ. ನೀರಿನ ಟ್ಯಾಂಕು ಕಟ್ಟಿಸಿದರೆ ಸಾಕೇ? ಅಥವಾ ಮೊದಲೇ ನಾವೇ ಬೆಟ್ಟ ಸುಟ್ಟುಬಿಡುವುದು ಒಳ್ಳೆಯದೇ?

ಉತ್ತರ: ಟ್ಯಾಂಕು ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಪೊರಕೆ. ಟಿವಿಯಲ್ಲಿ ತೋರಿಸುವ ಕ್ಯಾಲಿಫೋರ್ನಿಯಾದ ಬೆಂಕಿಯ ಹಾಗೆ ಮರದ ನೆತ್ತಿಯಿಂದ ನೆತ್ತಿಗೆ ಹಾರುವ ಬೆಂಕಿ ನಮ್ಮ ಘಟ್ಟದಲ್ಲಿ ಅಪರೂಪ. ಇಲ್ಲಿನದು ಬಹುಪಾಲು ನೆಲದ ಬೆಂಕಿ, ದರಕು (ಒಣ ಎಲೆ) ಮತ್ತು ಕರಡ (ಒಣ ಹುಲ್ಲು) ತಿನ್ನುತ್ತ ಸಾಗುವಂಥದ್ದು. ತಿನ್ನಲು ಸಿಗದ ಕಡೆ ನಿಂತುಬಿಡುತ್ತದೆ.

ನಿಮ್ಮ ಅಜ್ಜನ ಕಾಲದಲ್ಲಿ ಈ ಭಯ ಇಷ್ಟಿರಲಿಲ್ಲವೆಂದರೆ ಅದಕ್ಕೆ ಕಾರಣ ಕೊಟ್ಟಿಗೆಯಲ್ಲಿದೆ. ತೋಟದ ಗೊಬ್ಬರಕ್ಕಾಗಿಯೇ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಡಲಾಗಿತ್ತು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಎರಡೂ ದನಗಳ ಕಾಲಡಿಗೆ ಬಿದ್ದು ಗೊಬ್ಬರವಾಗುತ್ತಿದ್ದವು. ಬೆಂಕಿ ತಡೆಯಬೇಕೆಂದು ಯಾರೂ ಬೆಟ್ಟ ಗುಡಿಸಲಿಲ್ಲ, ಆದರೂ ಬೆಂಕಿಗೆ ಮೇವಿಲ್ಲದಂತಾಗುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಒಂದೋ ಎರಡೋ ದನ, ಗೊಬ್ಬರ ಚೀಲದಲ್ಲಿ ಬರುತ್ತದೆ. ದರಕು ಬಿದ್ದಲ್ಲೇ ಉಳಿಯುತ್ತದೆ. ಅದರ ಮೇಲೆ ಲಂಟಾನ ಹಬ್ಬಿದರಂತೂ ಮುಗಿಯಿತು: ನೆಲದ ಜ್ವಾಲೆಗೆ ಟೊಂಗೆಯವರೆಗೆ ಏಣಿ ಇಟ್ಟ ಹಾಗೆ.

ಇಡೀ ಬೆಟ್ಟ ಗುಡಿಸಲು ಈಗ ಆಳು ಸಿಗುವುದಿಲ್ಲ, ಗುಡಿಸಬೇಕಾಗಿಯೂ ಇಲ್ಲ. ನೆಲದ ತೇವಕ್ಕೆ ದರಕೂ ಬೇಕು. ತೋಟದ ಮೇಲಂಚಿನಲ್ಲಿ ಮತ್ತು ಕಾಡಿನ ಗಡಿಯಲ್ಲಿ ಹತ್ತು ಹನ್ನೆರಡು ಅಡಿ ಅಗಲದ ಪಟ್ಟಿಯನ್ನು ಮಣ್ಣು ಕಾಣುವಂತೆ ಗುಡಿಸಿ. ಕರಡ ಎತ್ತರ ಬೆಳೆದಲ್ಲಿ ಅದರ ಎರಡರಷ್ಟು. ಜನವರಿಯಲ್ಲಿ ಒಮ್ಮೆ ಮಾಡಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ, ಎಲೆ ಮತ್ತೆ ಉದುರುತ್ತದೆ. ಫೆಬ್ರವರಿ ಕೊನೆಗೆ, ಮಾರ್ಚ್ ನಡುವೆ ಮತ್ತೆ ಗುಡಿಸಬೇಕು. ಬ್ಲೋವರ್ ಇದ್ದರೆ ಬೆಳಗಿನ ಕೆಲಸ. ವೀಡ್ ಕಟ್ಟರ್‌ನ ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರುವುದುಂಟು, ಹಾಗಾಗಿ ಸುಡುಬಿಸಿಲಿನಲ್ಲಿ ಅದು ಬೇಡ. ಅಗಳ (ಕಂದಕ) ಇದೆ, ಬೆಂಕಿ ದಾಟದು ಎಂದು ನಂಬಬೇಡಿ. ದರಕು ತುಂಬಿದ ಅಗಳವೇ ಬೆಂಕಿಗೆ ದಾರಿ. ಒಣಸೋಗೆ, ಹಾಳೆ, ಹುಲ್ಲಿನ ಬಣವೆ, ಡ್ರಿಪ್ ಪೈಪಿನ ಸುರುಳಿ ಇವನ್ನೆಲ್ಲ ಬೆಟ್ಟದ ಅಂಚಿನಿಂದ ಕೆಳಗೆ ತನ್ನಿ.

ಇನ್ನು, ಕಹಿಯಾದರೂ ಹೇಳಬೇಕಾದ ಮಾತು. ಬೆಂಕಿ ಏರುಮುಖವಾಗಿ ಓಡುತ್ತದೆ, ಇಳಿಜಾರಿನಲ್ಲಿ ತೆವಳುತ್ತದೆ. ಜ್ವಾಲೆಯ ಕಾವು ಮೇಲಿನ ಎಲೆಗಳನ್ನು ಮೊದಲೇ ಒಣಗಿಸಿಟ್ಟಿರುತ್ತದೆ. ನಿಮ್ಮ ತೋಟ ಕಣಿವೆಯಲ್ಲಿದೆ. ಅಂದರೆ ಕಾಡಿನ ಬೆಂಕಿ ನಿಮ್ಮಲ್ಲಿಗೆ ನಿಧಾನಕ್ಕೆ ಇಳಿಯುತ್ತದೆ (ಉರಿಯುವ ಕೊರಡು ಉರುಳಿ ಬಂದರೆ ಬೇರೆ ಮಾತು), ತೋಟದಂಚಿನಲ್ಲಿ ನೀವು ಕಸಕ್ಕೆ ಹಚ್ಚಿದ ಬೆಂಕಿ ಮಾತ್ರ ಕಾಡಿಗೆ ನಾಗಾಲೋಟದಲ್ಲಿ ಏರುತ್ತದೆ. ನಮ್ಮ ಕಾಡಿಗೆ ಬೇಸಿಗೆಯಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರಾ ಕಡಿಮೆ. ಹೊಸ ಹುಲ್ಲು ಚಿಗುರಲೆಂದೋ, ಬೀಡಿಯಿಂದಲೋ, ಕಸದಿಂದಲೋ, ದ್ವೇಷದಿಂದಲೋ ಮನುಷ್ಯರೇ ಹಚ್ಚುತ್ತಾರೆ. ಹಾಗಾಗಿ ಫೆಬ್ರವರಿಯಿಂದ ಮಳೆ ಬೀಳುವವರೆಗೆ ತೋಟದ ಕಸ ಸುಡುವುದನ್ನು ನಿಲ್ಲಿಸಿ. ಗೊಬ್ಬರದ ಗುಂಡಿ ಇರುವುದೇ ಅದಕ್ಕೆ.

ಮೊದಲೇ ಸುಡುವ ವಿಚಾರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಾಗೆ ಮಾಡುತ್ತಿದ್ದರು. ಬೇಸಿಗೆಯ ಮೊದಲಲ್ಲೇ, ಇನ್ನೂ ಪಸೆಯಿರುವಾಗ ಹಚ್ಚುವ ಸಣ್ಣ ‘ತರಗು ಬೆಂಕಿ’. 1974ರಲ್ಲಿ ಅಲ್ಲಿ ವನ್ಯಧಾಮ ಘೋಷಣೆಯಾದ ಮೇಲೆ ಅದು ನಿಂತಿತು. ಲಂಟಾನ ಮಿತಿಮೀರಿದ್ದಕ್ಕೆ ಇದೂ ಕಾರಣವೆಂದು ಅವರ ಹಿರಿಯರು ಹೇಳುತ್ತಾರೆ. ನನಗೆ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಆದರೆ ಅದರಿಂದ ನಿಮಗೆ ಪರವಾನಗಿ ಸಿಗುವುದಿಲ್ಲ. ಎಲ್ಲಿ, ಯಾವ ಹೊತ್ತಿಗೆ, ಯಾವ ಗಾಳಿಗೆ ಹಚ್ಚಬೇಕೆಂಬ ತಲೆಮಾರುಗಳ ತಿಳಿವಳಿಕೆ ಅವರದು. ಮೇಲಾಗಿ ಸೊಪ್ಪಿನ ಬೆಟ್ಟ ನಿಮಗಿರುವುದು ಸವಲತ್ತಿನ ರೂಪದಲ್ಲಿ, ಒಡೆತನದಲ್ಲಲ್ಲ. ಅಲ್ಲಿ ಬೆಂಕಿ ಹಾಕಿದರೆ ಅರಣ್ಯ ಕಾಯ್ದೆಯ ಪ್ರಕಾರ ಕೇಸು. ಲಂಟಾನ ಕಡಿಯುವುದಕ್ಕೂ ಮೊದಲು ವಲಯ ಅರಣ್ಯ ಕಚೇರಿಗೆ ಒಂದು ಮಾತು ಹೇಳಿ, ಸಾಧ್ಯವಾದರೆ ಗುಡಿಸಿದ ಪಟ್ಟಿಯನ್ನು ಗ್ರಾಮ ಅರಣ್ಯ ಸಮಿತಿಯ ಮೂಲಕ ನೆರೆಯವರ ಗಡಿಗೆ ಜೋಡಿಸಿ.

ಬೆಂಕಿ ಬಂದೇಬಿಟ್ಟರೆ ಅದರ ಮೇಲ್ಭಾಗದಲ್ಲಿ ನಿಲ್ಲಬೇಡಿ. ಬದಿಯಿಂದ, ಸುಟ್ಟ ನೆಲದ ಕಡೆಯಿಂದ ಹಸಿ ಟೊಂಗೆಯಲ್ಲಿ ಬಡಿಯಿರಿ. ನೈಲಾನ್ ಬಟ್ಟೆ ಬೇಡ, ಹತ್ತಿಯದಿರಲಿ. ತರಬೇತಿ ಪಡೆದ ಸಿಬ್ಬಂದಿಯೂ ಇದರಲ್ಲಿ ಸತ್ತಿದ್ದಾರೆ. 2017ರಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ ಹೀಗೇ ಪ್ರಾಣ ಕಳೆದುಕೊಂಡರು. ಆರಿದ ಮೇಲೂ ಒಣ ಬೊಡ್ಡೆಗಳು ದಿನಗಟ್ಟಲೆ ಒಳಗೇ ಹೊಗೆಯಾಡುತ್ತಿರುತ್ತವೆ. ನಿಮ್ಮ ಟ್ಯಾಂಕಿನ ನೀರು ಬೇಕಾಗುವುದು ಆಗ.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ಉಪಗ್ರಹ ಕಂಡ ಬೆಂಕಿಯ ಸೂಚನೆ ಮೊಬೈಲಿಗೆ ಬರುತ್ತದೆ. ಅದು ತಲುಪುವಾಗ ತಾಸುಗಳು ಕಳೆದಿರುತ್ತವೆ, ಆದ್ದರಿಂದ ನಿಮ್ಮ ಕಡೆಯ ಅರಣ್ಯ ಗಾರ್ಡಿನ ನಂಬರು ಮತ್ತು ಅಗ್ನಿಶಾಮಕದ 101 ಮನೆಯ ಎಲ್ಲರಿಗೂ ಗೊತ್ತಿರಲಿ.