ದುಂಡಗಿನ ಮರಿಯೇ ಮೊದಲು ಬಿಳಿಚಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ. ಹೊಸದಾಗಿ ಸಿಮೆಂಟ್ ನೆಲದ ಹಂದಿಗೂಡು ಕಟ್ಟಿಸಿ ಯಾರ್ಕ್‌ಶೈರ್ ಹಂದಿ ತಂದೆವು. ಹತ್ತು ಮರಿ ಹಾಕಿತು. ಎರಡು ವಾರ ಚೆನ್ನಾಗಿದ್ದವು. ಆಮೇಲೆ ಎಲ್ಲಕ್ಕಿಂತ ದುಂಡಗಿದ್ದ ಎರಡು ಮರಿ ಒಂದರ ಹಿಂದೊಂದು ಸತ್ತವು. ಸಾಯುವ ಮುಂಚೆ ಪಕ್ಕೆ ಬಡಿದುಕೊಳ್ಳುವಂತೆ ಏದುಸಿರು ಬಿಡುತ್ತಿದ್ದವು. ತಾಯಿಗೆ ಹಾಲು ಬೇಕಾದಷ್ಟಿದೆ. ಹಳೇ ಮಣ್ಣಿನ ಗೂಡಿನಲ್ಲಿ ಹೀಗಾಗಿರಲಿಲ್ಲ. ಏನಿರಬಹುದು ಡಾಕ್ಟ್ರೇ?

ಉತ್ತರ: ನೀವು ಬರೆದ ಲಕ್ಷಣಗಳೆಲ್ಲ ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆಯ ಕಡೆಗೇ ಬೊಟ್ಟು ಮಾಡುತ್ತಿವೆ. ಉಳಿದ ಎಂಟು ಮರಿಗಳನ್ನು ಇವತ್ತೇ ಪಶುವೈದ್ಯರಿಗೆ ತೋರಿಸಿ, ತಡಮಾಡಬೇಡಿ.

ಹಂದಿಮರಿ ಹುಟ್ಟುವಾಗ ಮೈಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದರಲ್ಲೂ ಬಹುಪಾಲು ಆಗಲೇ ರಕ್ತದಲ್ಲಿ ಸೇರಿಹೋಗಿರುತ್ತದೆ. ದಿನಕ್ಕೆ ಬೇಕಾಗುವುದು 7 ಮಿಲಿಗ್ರಾಂ, ತಾಯಿಹಾಲಿನಿಂದ ಸಿಗುವುದು ಹೆಚ್ಚುಕಡಿಮೆ 1 ಮಿಲಿಗ್ರಾಂ. ಮರಿಯೋ ಒಂದೇ ವಾರದಲ್ಲಿ ಹುಟ್ಟಿದಾಗಿನ ಎರಡರಷ್ಟು ತೂಗುತ್ತದೆ. ಮೈ ಬೆಳೆದಷ್ಟೂ ರಕ್ತ ಹೆಚ್ಚಬೇಕು, ರಕ್ತಕ್ಕೆ ಕಬ್ಬಿಣ ಬೇಕು. ಚೆನ್ನಾಗಿ ಹಾಲು ಕುಡಿದು ಬೇಗ ಬೆಳೆಯುವ ಮರಿಗೇ ಈ ಕೊರತೆ ಮೊದಲು ತಟ್ಟುವುದು ಅದಕ್ಕೇ. ನಿಮ್ಮ ಆರೈಕೆಯಲ್ಲಾಗಲಿ ತಾಯಿಯ ಹಾಲಿನಲ್ಲಾಗಲಿ ತಪ್ಪಿಲ್ಲ. ಹಳೇ ಗೂಡಿನಲ್ಲಿ ಮರಿಗಳು ಮೂತಿಯಿಂದ ಮಣ್ಣು ಕೆದಕಿ ಕಬ್ಬಿಣವನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ಸಿಮೆಂಟ್ ನೆಲ ಆ ದಾರಿ ಮುಚ್ಚಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥ ಏದುಸಿರನ್ನು ನ್ಯುಮೋನಿಯಾ ಎಂದುಕೊಂಡು ಆಂಟಿಬಯಾಟಿಕ್ ಕೊಟ್ಟು ಮರಿಗಳನ್ನು ಕಳೆದುಕೊಂಡಿದ್ದೇನೆ. ಸತ್ತ ಮರಿಯನ್ನು ಕೊಯ್ದು ನೋಡಿದಾಗ ರಕ್ತ ನೀರಿನಂತೆ ತೆಳ್ಳಗಿತ್ತು, ಹೃದಯ ಊದಿಕೊಂಡಿತ್ತು. ಅಂದಿನಿಂದ ಯಾವ ಗೂಡಿಗೆ ಹೋದರೂ ಮೊದಲು ಮರಿಯ ಕಿವಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳಿ ಜಾತಿಯ ಮರಿಗಳಲ್ಲಿ ಕಿವಿ, ಮೂತಿ ಬಿಳಿಚಿಕೊಂಡದ್ದು ಕಣ್ಣಿಗೆ ಬೀಳುತ್ತದೆ. ನಾಟಿ ಕರಿ ಮರಿಯಾದರೆ ಕಣ್ಣಿನ ಕೆಳರೆಪ್ಪೆ ಮಗುಚಿ, ಒಸಡು ನೋಡಬೇಕು. ಕೂದಲು ಒರಟಾಗುವುದು, ಮಂಕಾಗಿ ಮಲಗುವುದು, ಮತ್ತೆ ಮತ್ತೆ ಭೇದಿಯಾಗುವುದು ಕೂಡ ಇದರ ಸೂಚನೆಗಳೇ.

ಮುಂದಿನ ಸಲ ಮರಿ ಹುಟ್ಟಿದ ಮೂರನೇ ದಿನ ಐರನ್ ಡೆಕ್ಸ್‌ಟ್ರಾನ್ ಇಂಜೆಕ್ಷನ್ ತಪ್ಪಿಸಬೇಡಿ. ಮರಿಯೊಂದಕ್ಕೆ 200 ಮಿಲಿಗ್ರಾಂ. ದಿನಕ್ಕೆ 6 ಮಿಲಿಗ್ರಾಂ ಕೊರತೆ ಎಂದು ಲೆಕ್ಕ ಹಾಕಿ ನೋಡಿ, ನಾಲ್ಕು ವಾರಕ್ಕೆ ಅದು ಸಾಕಾಗುತ್ತದೆ. ನಮ್ಮಲ್ಲಿ ಅನೇಕರು ಎಂಟು ವಾರದವರೆಗೆ ತಾಯಿಹಾಲು ಬಿಡಿಸುವುದಿಲ್ಲ. ಹಾಗಿದ್ದರೆ ಎರಡನೇ ವಾರದ ಕೊನೆಗೆ ಇನ್ನೊಂದು ಡೋಸ್ ಬೇಕೇ ಎಂದು ವೈದ್ಯರನ್ನು ಕೇಳಿ. ಬಾಟಲಿಯ ಮೇಲಿನ ಸಂಖ್ಯೆ ಓದದೆ ಸಿರಿಂಜ್ ತುಂಬಬೇಡಿ: ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ಔಷಧವೂ ಉಂಟು, 100, 200 ಇರುವುದೂ ಉಂಟು.

ಪ್ರಶ್ನೆ: ಇಂಜೆಕ್ಷನ್ ಬದಲು ತಾಯಿಹಂದಿಗೇ ಟಾನಿಕ್ ಕುಡಿಸಿದರೆ ಸಾಲದೇ? ನಮ್ಮೂರಿನ ಮಣ್ಣು ಕೆಂಪಗಿದೆ, ಅದನ್ನೇ ಗೂಡಿಗೆ ಹಾಕಬಹುದೇ?

ಉತ್ತರ: ತಾಯಿಗೆ ಎಷ್ಟೇ ಕಬ್ಬಿಣ ತಿನ್ನಿಸಿದರೂ ಹಾಲಿನಲ್ಲಿ ಅದು ಹೆಚ್ಚುವುದಿಲ್ಲ ಎಂದೇ ಹೇಳಬೇಕು. ಆ ದುಡ್ಡು ವ್ಯರ್ಥ. ಮಣ್ಣಿನ ಮಾತು ಬೇರೆ, ಅದು ನಿಜಕ್ಕೂ ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಕೆಂಪು ಬಣ್ಣ ನೋಡಿ ಮೋಸ ಹೋಗಬೇಡಿ. ಅದು ತುಕ್ಕಿನ ರೂಪದ ಕಬ್ಬಿಣ, ಮರಿಯ ಕರುಳು ಹೀರಿಕೊಳ್ಳುವುದು ಅದರಲ್ಲಿ ಅಲ್ಪವೇ. ಮರಿ ಎಷ್ಟು ತಿಂದಿತು ಎಂಬ ಲೆಕ್ಕವೂ ಸಿಗದು. ಹಾಕುವುದೇ ಆದರೆ ಹಂದಿಗಳು ಓಡಾಡದ ಜಾಗದಿಂದ ತನ್ನಿ, ಯಾಕೆಂದರೆ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ.

ಪ್ರಶ್ನೆ: ಪಕ್ಕದ ಮನೆಯವರ ಮರಿಗಳು ಐರನ್ ಚುಚ್ಚಿದ ದಿನವೇ ಸತ್ತವಂತೆ. ಹೆದರಿಕೆಯಾಗುತ್ತಿದೆ.

ಉತ್ತರ: ಅಪರೂಪಕ್ಕೆ ಹಾಗಾಗುವುದುಂಟು, ನಿಮ್ಮ ಹೆದರಿಕೆ ಸುಳ್ಳಲ್ಲ. ಗಬ್ಬದಲ್ಲಿದ್ದಾಗ ತಾಯಿಗೆ ವಿಟಮಿನ್ ಇ, ಸೆಲೆನಿಯಂ ಕಡಿಮೆಯಾಗಿದ್ದರೆ ಮರಿಗಳು ಈ ಕಬ್ಬಿಣವನ್ನು ತಾಳಿಕೊಳ್ಳಲಾರವು. ಒಂದು ಸೂಲಿನಲ್ಲಿ ಹಾಗಾಗಿದ್ದರೆ ಮುಂದಿನ ಸೂಲಿಗೆ ಮೊದಲೇ ವೈದ್ಯರಿಗೆ ತಿಳಿಸಿ, ಗಬ್ಬದ ಹಂದಿಯ ಆಹಾರ ಸರಿಪಡಿಸಿಕೊಳ್ಳಿ. ಅಳತೆ ಮೀರಿ ಕೊಟ್ಟರೂ ಅಪಾಯ, ಹೆಚ್ಚಾದ ಕಬ್ಬಿಣ ರೋಗಾಣುಗಳಿಗೂ ಮೇವಾಗುತ್ತದೆ. ಗಿಣ್ಣುಹಾಲು ಕುಡಿಯದ, ಭೇದಿಯಾಗಿ ಸೊರಗಿದ ಮರಿಗೆ ವೈದ್ಯರು ನೋಡುವ ತನಕ ಚುಚ್ಚಬೇಡಿ.

ಚುಚ್ಚುವ ಜಾಗ ಕಿವಿಯ ಹಿಂದೆ, ಕುತ್ತಿಗೆಯ ಪಕ್ಕದ ಮಾಂಸ. ತೊಡೆಗೆ ಕೊಟ್ಟರೆ ನರಕ್ಕೆ ಪೆಟ್ಟಾಗಿ ಮರಿ ಕುಂಟಬಹುದು, ಮಾಂಸದಲ್ಲಿ ಕಂದು ಕಲೆಯೂ ಉಳಿಯಬಹುದು. ಚರ್ಮವನ್ನು ಬೆರಳಿನಿಂದ ಸ್ವಲ್ಪ ಪಕ್ಕಕ್ಕೆ ಎಳೆದು ಹಿಡಿದು ಚುಚ್ಚಿ, ಸೂಜಿ ತೆಗೆದ ಮೇಲೆ ಬಿಡಿ. ಆಗ ತೂತು ಮುಚ್ಚಿಕೊಂಡು ಔಷಧ ಹೊರಗೆ ಸೋರುವುದಿಲ್ಲ.