ಮರದ ದಿಮ್ಮಿಯ ಮೇಲೆ ಅಣಬೆಯ ಬೆಳೆ



ಎರಡು ವರ್ಷಗಳ ಹಿಂದೆ ಮಳೆಗಾಳಿಗೆ ನಮ್ಮ ಶಾಲೆಯ ಅಂಗಳದ ಮಾವಿನ ಕೊಂಬೆಯೊಂದು ಮುರಿದುಬಿದ್ದಿತು. ಅದನ್ನು ಸೌದೆಗೆ ಕೊಡದೆ, ಒಂಬತ್ತನೆಯ ತರಗತಿಯ ಬಾಲಕಿಯರು ಅದರ ಮೇಲೆ ಚಿಪ್ಪು ಅಣಬೆಯನ್ನು ಬೆಳೆಯಿಸಿದರು. ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಇಕ್ಕಟ್ಟಾದ ಮನೆಗಳಲ್ಲಿಯೂ ಒಂದು ದಿಮ್ಮಿಗೆ ಬೇಕಾದಷ್ಟು ನೆರಳು ದೊರೆಯುವುದಾದುದರಿಂದ, ಆ ಪಾಠವನ್ನು ನಿಮ್ಮೊಡನೆ ಹಂಚಿಕೊಳ್ಳುವೆನು.

ಅಣಬೆಯಲ್ಲಿ ಹಸಿರಿಲ್ಲ, ಆದುದರಿಂದ ಗಿಡಗಳಂತೆ ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಲಾರದು. ಬಿಳಿಯ ನೂಲಿನಂತಹ ಎಳೆಗಳಾಗಿ ಮರದೊಳಗೆ ಹರಡಿ, ಮರವನ್ನೇ ಕರಗಿಸಿ ಉಣ್ಣುವುದು. ನಾವು ಕೊಯ್ಯುವ ಕೊಡೆಯು ಅದರ ಫಲಮಾತ್ರ.

ದಿಮ್ಮಿಯು ಹೊಸದಾಗಿ ಕಡಿದ ಆರೋಗ್ಯವಂತ ಮರದ್ದಾಗಿರಬೇಕು. ಸುಮಾರು ಮೂರು ಅಡಿ ಉದ್ದ, ನಾಲ್ಕರಿಂದ ಆರು ಅಂಗುಲ ದಪ್ಪವಿದ್ದರೆ ಅನುಕೂಲ. ಕೊಳೆತುದೂ, ಬಣ್ಣ ಬಳಿದುದೂ, ಕೀಟನಾಶಕ ಸೋಕಿದುದೂ ಸಲ್ಲದು. ಎರಡು ವಾರ ನೆರಳಿನಲ್ಲಿಟ್ಟ ಬಳಿಕ ಬೈರಿಗೆಯಿಂದ ಒಂದು ಅಂಗುಲ ಆಳದ ರಂಧ್ರಗಳನ್ನು ಆರಾರು ಅಂಗುಲಕ್ಕೊಂದರಂತೆ ಕೊರೆದು, ಅಣಬೆ ಬೀಜವನ್ನು ಒತ್ತಿ ತುಂಬಿ, ಕರಗಿಸಿದ ಮೇಣದಿಂದ ಮುಚ್ಚತಕ್ಕದ್ದು. ಅನಂತರ ದಿಮ್ಮಿಯನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲಿರಿಸಿ, ಗೋಣಿತಾಟು ಹೊದಿಸಿ, ತೇವವಾರದಂತೆ ನೋಡಿಕೊಳ್ಳಬೇಕು. ಫಲಕ್ಕೆ ಆರು ತಿಂಗಳಿಂದ ಒಂದು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುವುದು. ಆದರೆ ಒಂದೇ ದಿಮ್ಮಿ ಕೆಲವು ವರ್ಷ ಫಲ ಕೊಡುವುದುಂಟು.

ಅಷ್ಟು ತಾಳ್ಮೆಯಿಲ್ಲದವರಿಗೆ ಭತ್ತದ ಹುಲ್ಲು ಉಂಟು. ಜರ್ಮನಿಯಲ್ಲಿ 1917ರ ಸುಮಾರಿಗೆ ಮರದ ಬುಡ ಮತ್ತು ದಿಮ್ಮಿಗಳ ಮೇಲೆ ಆರಂಭವಾದ ಈ ಕೃಷಿಯನ್ನು ಭತ್ತದ ಹುಲ್ಲಿನ ಮೇಲೆ ನಡೆಯಿಸಿ, 1962ರಲ್ಲಿ ಪ್ರಕಟಪಡಿಸಿದವರು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಜಾಕಿಯಾ ಬಾನೋ ಮತ್ತು ಶ್ರೀವಾಸ್ತವ ಅವರು. ಬಿಸಿನೀರಿನಲ್ಲಿ ಹದಗೊಳಿಸಿದ ಹುಲ್ಲನ್ನೂ ಬೀಜವನ್ನೂ ರಂಧ್ರಗಳುಳ್ಳ ಚೀಲದಲ್ಲಿ ತುಂಬಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಮೊದಲ ಕೊಯ್ಲು ಬರುವುದು.

ಇನ್ನು ಮುಖ್ಯವಾದ ಮಾತು. ಎಂಟನೆಯ ತಿಂಗಳಲ್ಲಿ ನಮ್ಮ ದಿಮ್ಮಿಯ ತುದಿಯಲ್ಲಿ ಕೆಲವು ಕಂದು ಕೊಡೆಗಳು ಎದ್ದವು. ಬಾಲಕಿಯೊಬ್ಬಳು ಸಂತೋಷದಿಂದ ಅವನ್ನು ಕಿತ್ತು, ಅಮ್ಮನಿಗೆ ಕೊಡಲೆಂದು ಊಟದ ಡಬ್ಬಿಯಲ್ಲಿಟ್ಟುಕೊಂಡು ಹೊರಟಿದ್ದಳು. ಬಾಗಿಲಲ್ಲಿ ನಮ್ಮ ಆಯಾ ಕಂಡು ತಡೆದರು. ಅದು ನಾವು ಬಿತ್ತಿದ ಅಣಬೆಯಲ್ಲ. ಗಾಳಿಯಲ್ಲಿ ಬಂದು ನೆಲೆಸಿದ ಬೇರೊಂದು ಜಾತಿ. ತಪ್ಪು ಮಗುವಿನದಲ್ಲ. ಬೆಳೆಯುವುದನ್ನು ಕಲಿಸಿದ ನಾನು ಗುರುತಿಸುವುದನ್ನು ಮೊದಲು ಕಲಿಸಿರಲಿಲ್ಲ.

ಚಿಪ್ಪು ಅಣಬೆಯು ಕಪ್ಪೆಚಿಪ್ಪಿನಾಕಾರದ್ದು. ತೊಟ್ಟು ಮೊಟಕು, ಸಾಮಾನ್ಯವಾಗಿ ಒಂದು ಪಕ್ಕದಲ್ಲಿರುವುದು. ಅಡಿಯ ಮಡಿಕೆಗಳು ತೊಟ್ಟಿನ ಮೇಲೂ ಇಳಿದಿರುವುವು. ಬೀಜವಿಟ್ಟ ದಿಮ್ಮಿಯಲ್ಲೇ ಬೆಳೆದರೂ ಈ ಲಕ್ಷಣಗಳಿಗೆ ಹೊಂದದುದನ್ನು ಎಸೆಯಿರಿ. ಬೇಲಿಯ ಬದಿಯದನ್ನು ಮುಟ್ಟಲೇಬೇಡಿರಿ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲವೆಂಬ ನಂಬಿಕೆ ಸುಳ್ಳು. ಬೇಯಿಸಿದರೆ ವಿಷ ಹೋಗುವುದೆಂಬುದನ್ನೂ ನಂಬಲಾಗದು.

ಬೀಜವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂತಹ ನಂಬಿಕೆಯ ಸ್ಥಳದಿಂದಲೇ ತರಿಸಿರಿ. ಅಂಚು ಮೇಲಕ್ಕೆ ಮಡಿಚುವ ಮುನ್ನ ಕೊಯ್ದು, ಚೆನ್ನಾಗಿ ಬೇಯಿಸಿ, ಸಾರಿಗೋ ಪಲ್ಯಕ್ಕೋ ಬಳಸಿರಿ. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ಆದರೆ ಕೊಯ್ಯುವುದಕ್ಕೆ ಮೊದಲು ಗುರುತಿಸಲು ಕಲಿಸಿರಿ.